ಗೋಪುರದ ಬಾಚಲೆ ಮತ್ತು ಮುರುಗಲ ತುಪ್ಪ

ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಕೆಂಗಲ್ಲುದುರ್ಗವೆಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರಿ ಬಾಚಲೆಗೆ ಕೂಸಾಗಿದ್ದಾಗಿನಿಂದ ತುರಿಕೆ. ಮೊಣಕೈ ಮಡಿಕೆ, ಮಂಡಿಯ ಹಿಂಬದಿ ಕೆಂಪಾಗಿ ಬಿರಿಯುತ್ತಿದ್ದವು. ಆಸ್ಥಾನದ ಮಾಂತ್ರಿಕ ಜಡೆಶಂಖ ದೂರದಿಂದಲೇ ಇಣುಕಿ, "ಇದು ಗಜಕರ್ಣ. ಮುಟ್ಟಿದವರಿಗೆಲ್ಲ ಅಂಟುತ್ತದೆ" ಎಂದ. ಜನ ಹೆದರಿದಷ್ಟೂ ಅವನು ಗೇಣುಗೇಣು ಬೆಳೆಯುತ್ತಿದ್ದ, ಅವನಿಗೆ ಗೊತ್ತಿದ್ದ ಮಾಯೆ ಅದೊಂದೇ. ಅಂದು ಎರಡಾಳು ಎತ್ತರವಾದ.

ನಾಲ್ಕು ವರ್ಷದ ಬಾಚಲೆಯನ್ನು ಗೋಪುರಕ್ಕೆ ಹಾಕಿದರು. ಊಟ ಉದ್ದನೆಯ ಬಿದಿರುಕೋಲಿನ ತುದಿಯಲ್ಲಿ ಬರುತ್ತಿತ್ತು. ತಂದೆ ಹಬ್ಬಕ್ಕೊಮ್ಮೆ ಕೆಳಗೆ ನಿಂತು ಕೈಬೀಸಿ ಹೋಗುತ್ತಿದ್ದ. ಮಾಂತ್ರಿಕನ ಅಪ್ಪಣೆಯಂತೆ ಅವಳು ದಿನವೂ ಸುಡುನೀರು ಹೊಯ್ದುಕೊಂಡು, ಸೀಗೆಪುಡಿ ಹಾಕಿ, ಹೀರೆನಾರಿನಿಂದ ಮೈ ಉಜ್ಜಬೇಕಿತ್ತು. ಉಜ್ಜಿದಷ್ಟೂ ಉರಿ, ಉರಿದಷ್ಟೂ ತುರಿಕೆ. ಹನ್ನೆರಡು ವರ್ಷ ಅವಳನ್ನು ಯಾರೂ ಮುಟ್ಟಲಿಲ್ಲ. ತನ್ನ ಕೈಯನ್ನು ತಾನೇ ಹಿಡಿದುಕೊಂಡು ಮಲಗುತ್ತಿದ್ದಳು.

ಆ ರಾಜ್ಯದಲ್ಲೊಂದು ಪದ್ಧತಿ. ಹದಿನಾರು ತುಂಬಿದ ರಾಜನ ಮಗುವನ್ನು ಅಂಗಳದಲ್ಲಿ ನಿಲ್ಲಿಸುತ್ತಾರೆ. ಪ್ರಜೆಗಳಲ್ಲಿ ಒಬ್ಬರಾದರೂ ತಾವಾಗಿ ಬಂದು ಕೈಹಿಡಿದರೆ ಪಟ್ಟ. ಯಾರೂ ಬಾರದಿದ್ದರೆ ಪಟ್ಟ ಮಾಂತ್ರಿಕನಿಗೆ, ಬಾಚಲೆಗೆ ಸಾಯುವವರೆಗೂ ಗೋಪುರ. ಆ ದಿನಕ್ಕೆ ಮೂರೇ ತಿಂಗಳು ಉಳಿದಿತ್ತು.

ಒಂದು ಬೆಳಿಗ್ಗೆ ಗೋಪುರದ ಕೆಳಗಿನ ಕೆರೆಗೆ ಮುದಿ ಆನೆಯೊಂದು ಬಂತು. ಮಿಂದಿತು, ಮಿಂದ ಕೂಡಲೇ ಮೈಗೆಲ್ಲ ಕೆಸರು ಬಳಿದುಕೊಂಡಿತು.

"ತೊಳೆದುಕೊಂಡ ಮೈಗೆ ಮತ್ತೆ ಕೆಸರೇ?" ಎಂದಳು ಬಾಚಲೆ.

"ಆನೆ ಚರ್ಮ ಅಂತ ಎಲ್ಲರೂ ಆಡ್ಕೋತಾರೆ. ನೀರು ಆರಿದರೆ ಅದು ಹೆಂಗೆ ಬಿರಿಯುತ್ತೆ ಅಂತ ನನಗೊಬ್ಬಳಿಗೇ ಗೊತ್ತು. ಒದ್ದೆ ಇರುವಾಗಲೇ ಮುಚ್ಚಬೇಕು, ಮಗಳೇ. ಎಲ್ಲಿ, ಕೈ ತೋರಿಸು."

ಆನೆ ಕತ್ತೆತ್ತಿ ನೋಡಿತು. ಚಿಕ್ಕಂದಿನಿಂದ ಇದೆಯಾ, ಚಳಿಗೆ ಹೆಚ್ಚುತ್ತದಾ, ನಿಮ್ಮಮ್ಮನಿಗೆ ಉಬ್ಬಸ ಇತ್ತಾ ಎಂದು ಕೇಳಿತು. ಮೂರಕ್ಕೂ ಹೌದು ಎಂದಳು.

"ಗಜಕರ್ಣ ಆಗಿದ್ರೆ ಬಳೆ ಥರ ದುಂಡಗಿರೋದು. ಸುಮ್ನೆ ನನ್ನ ಕಿವಿ ಹೆಸರು ಕೆಡಿಸಿದ್ದಾನೆ ಆ ಮಾಂತ್ರಿಕ. ಇದು ಇಸಬು. ಯಾರಿಗೂ ಅಂಟಲ್ಲ. ಮೂರು ಕೆಲಸ ಹೇಳ್ತೀನಿ, ಮಾಡ್ತೀಯಾ?"

ಮೊದಲ ಕೆಲಸ, ಸುಡುನೀರು, ಸೀಗೆ, ನಾರು ಮೂರನ್ನೂ ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ಬೇಗ ಮೀಯುವುದು. ಎರಡನೆಯದು, ಮೈ ಆರುವ ಮುಂಚೆ ಮುರುಗಲ ತುಪ್ಪ, ಅಂದರೆ ಮುರುಗಲ ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಎಣ್ಣೆ, ಬಳಿಯುವುದು. ಕೆಂಪೆದ್ದ ಜಾಗಕ್ಕೆ ಮಾತ್ರ ಆನೆಗೆ ಪರಿಚಯವಿದ್ದ ಕಾಡಿನ ವೈದ್ಯೆಯೊಬ್ಬಳ ಮುಲಾಮು, ಅದೂ ತೆಳ್ಳಗೆ, ಅವಳು ಹೇಳಿದಷ್ಟು ದಿನ. ಎರಡನ್ನೂ ಆನೆ ಸೊಂಡಿಲಿನಿಂದ ಕಿಟಕಿಗೆ ಎಟುಕಿಸಿತು. ಮೂರನೆಯದು ಕೆರೆಯದೆ ಇರುವುದು. ಉಗುರು ಕತ್ತರಿಸಿ, ತುರಿಕೆ ಎದ್ದಾಗ ತಣ್ಣನೆಯ ಒದ್ದೆ ಬಟ್ಟೆ ಸುತ್ತಿಕೊಳ್ಳುವುದು. ಹೇಳುವುದು ಸುಲಭ, ಪಟ್ಟವರಿಗೇ ಗೊತ್ತು. ಬಾಚಲೆ ಎಷ್ಟೋ ಸಲ ಸೋತಳು, ಅತ್ತಳು, ಮತ್ತೆ ಹಿಡಿದಳು.

ಮೈ ತಿಳಿಯಾಯಿತು. ಆದರೆ ಪಟ್ಟದ ವಾರ ಚಳಿ ಬಿತ್ತು, ಮೊಣಕೈ ಮತ್ತೆ ಕೆಂಪೆದ್ದಿತು.

"ಉದ್ದ ತೋಳಿನ ಕುಪ್ಪಸ ಹಾಕಿಕೋ, ಯಾರಿಗೂ ಕಾಣೋಲ್ಲ" ಎಂದು ತಂದೆ ಕೆಳಗಿನಿಂದ ಕೂಗಿದ. ಅವಳು ಕೇಳಲಿಲ್ಲ. ಮುಚ್ಚಿಟ್ಟು ಗೆದ್ದರೆ ಮುಂದೆಯೂ ಒಂಟಿಯಾಗಿಯೇ ಇರಬೇಕು ಎನ್ನಿಸಿತು. ಮುಚ್ಚದ ತೋಳು ಚಾಚಿ ಅಂಗಳದಲ್ಲಿ ನಿಂತಳು.

"ನೋಡಿ, ನೋಡಿ" ಎಂದ ಜಡೆಶಂಖ. ಜನ ಹಿಂದೆ ಸರಿದರು. ಅವನ ತಲೆ ಕೋಟೆಗೋಡೆ ದಾಟಿತು. ಹೊತ್ತು ನೆತ್ತಿಗೆ ಬಂತು, ಚಾಚಿದ ಕೈ ಸೋತಿತು.

ಆಗ ಬುಟ್ಟಿ ಹೆಣೆಯುವ ಸಂಕವ್ವ ಮುಂದೆ ಬಂದಳು. ಸೆರಗು ಸರಿಸಿದರೆ ಕಂಕುಳಲ್ಲೊಂದು ಕೂಸು, ಕೆನ್ನೆಯೆಲ್ಲ ಕೆಂಪು ಹೊಪ್ಪಳೆ.

"ನನ್ನ ಕೂಸಿಗೂ ಹಿಂಗೇ ಐತ್ರವ್ವ. ಗೋಪುರಕ್ಕೆ ಹಾಕ್ತಾರಂತ ಮುಚ್ಚಿಟ್ಟಿದ್ದೆ. ದಿನಾ ಇದನ್ನ ಮುದ್ದಾಡ್ತೀನಿ, ನಂಗೇನೂ ಅಂಟಿಲ್ಲ." ಅಷ್ಟು ಹೇಳಿ ಬಾಚಲೆಯ ಕೈ ಹಿಡಿದಳು.

"ಮಗುವನ್ನು ಎತ್ತಿಕೊಳ್ಳಲಾ?" ಎಂದಳು ಬಾಚಲೆ. ಎತ್ತಿಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ. ಸಂಕವ್ವನೇ ಅವಳ ತೋಳು ಮಡಿಸಿ, ಕತ್ತಿನ ಕೆಳಗೆ ಅಂಗೈ ಇಡಿಸಿದಳು. ಬಾಚಲೆ ಆ ಕೆನ್ನೆಯನ್ನು ಒದ್ದೆ ಬಟ್ಟೆಯಿಂದ ಒತ್ತಿ, ತನ್ನೊಡನೆ ತಂದಿದ್ದ ಮುರುಗಲ ತುಪ್ಪ ಸವರಿದಳು. ಗುಂಪಿನಲ್ಲಿ ಒಬ್ಬೊಬ್ಬರೇ ತೋಳಿನ ಬಟ್ಟೆ ಸರಿಸಿ, ತಾವೂ ಮುಚ್ಚಿಟ್ಟಿದ್ದ ಕೆಂಪು ಕಲೆ ತೋರಿಸಿದರು. ಜಡೆಶಂಖ ಕುಗ್ಗಿ ಕುಗ್ಗಿ ಹೆಗ್ಗಣದಷ್ಟಾಗಿ, ಮೋರಿಯಲ್ಲಿ ನುಸುಳಿ ಹೋದ.

ಬಾಚಲೆ ರಾಣಿಯಾಗಿ ಬಹುಕಾಲ ಆಳಿದಳು, ಪ್ರಜೆಗಳೂ ಸುಖವಾಗಿದ್ದರು. ಇಸಬು ಮಾತ್ರ ಚಳಿಗಾಲಕ್ಕೊಮ್ಮೆ ಬಂದು ಹೋಗುತ್ತಿತ್ತು. ಬೆನ್ನಿಗೆ ತುಪ್ಪ ಹಚ್ಚಲು ಕೈ ಎಟುಕದಾಗ ಅವಳು ಕರೆಯುತ್ತಿದ್ದಳು, ಯಾರಾದರೊಬ್ಬರು ಬಂದು ಹಚ್ಚುತ್ತಿದ್ದರು.