ಬೇಸ್ ಎಲ್ಲಿ ಹೋಯ್ತು?

ಪಿಸ್ತೂಲಿನ ಮೂತಿ ನನ್ನ ಎಡಗಿವಿಗೆ ಒತ್ತಿತು.

ಸದ್ಯ... ಆ ಕಿವಿ ನನಗೆ ಹೇಗೂ ಅರ್ಧಂಬರ್ಧ ಕೇಳಿಸುವುದು!

ನಗಬೇಡಿ ಸ್ವಾಮಿ. ದುಬಾರಿ ಮ್ಯೂಸಿಕ್ ಸಿಸ್ಟಮ್‌ಗಳ ಸೌಂಡ್ ಟ್ಯೂನ್ ಮಾಡುವುದೇ ನನ್ನ ಕಸುಬು. ಒಂದೂವರೆ ಕಿವಿಯಲ್ಲೇ ಹೊಟ್ಟೆ ಹೊರೆಯುತ್ತಿದ್ದೇನೆ.

ಪಿಸ್ತೂಲು ಹಿಡಿದಿದ್ದವನು ಧಣಿ. ಊರನ್ನೇ ನಡುಗಿಸುವ ಸ್ಮಗ್ಲರ್.

"ಬೇಸ್ ಎಲ್ಲಿ ಹೋಯ್ತು? ಡ್ರಮ್ ಏಟು ಎದೆಗೆ ಬಡೀಬೇಕು. ಇದು ತಗಡಿನ ಡಬ್ಬ ಬಾರಿಸಿದ ಹಾಗಿದೆ! ಇವನು ಒರಿಜಿನಲ್ ಸ್ಪೀಕರ್ ಮಾರಿ ಡೂಪ್ಲಿಕೇಟ್ ತಂದಿಟ್ಟಿದ್ದಾನೆ. ಹೌದೋ ಅಲ್ವೋ ಹೇಳು!"

'ಇವನು' ಅಂದರೆ ಅವನ ಬಾಮೈದ. ಹಿಂದಿನ ಗೋಡೆಗೆ ತಾಗಿಸಿದ ಕುರ್ಚಿಗೆ ಹಗ್ಗದಿಂದ ಬಿಗಿದಿದ್ದರು.

"ಭಾವ, ಅಕ್ಕನಾಣೆಗೂ ನಾನು ಮುಟ್ಟಿಲ್ಲ!"

ಹೌದು ಎಂದರೆ ಅವನು ಹೆಣ. ಅಲ್ಲ ಎಂದರೆ ಬೇಸ್ ತೋರಿಸಬೇಕು... ಇಲ್ಲವೇ ಅವನ ಜೊತೆಗೆ ನಾನೂ!

ಸ್ಪೀಕರ್ ತಿರುಗಿಸಿದೆ. ವೈರ್ ಬದಲಿಸಿದೆ. ಕಣ್ಣು ಮುಚ್ಚಿ ಮಹಾ ವಿದ್ವಾಂಸನ ಹಾಗೆ ತಲೆದೂಗಿದೆ. ಧಣಿಯ ಸೋಫಾದ ಹತ್ತಿರ ಬಂದು ಕೇಳಿದರೆ... ಅದೇ ತಗಡಿನ ಡಬ್ಬ!

"ಇದೇ ಕೊನೇ ಹಾಡು" ಎಂದ ಧಣಿ.

ಓಡಲು ದಾರಿ ಹುಡುಕುತ್ತಾ ಹಿಂದೆ ತಿರುಗಿದೆ. ಆಗ ಕಂಡಿತು ಬಾಮೈದನ ಕಾಲು. ತಾಳ ಹಾಕುತ್ತಿತ್ತು!

"ಏನಯ್ಯಾ, ಕುಣೀತಿದ್ದೀಯಾ?" ಎಂದೆ.

"ನಡುಗ್ತಿದ್ದೀನಿ ಸಾರ್... ಅದರ ಮೇಲೆ ಈ ಡ್ರಮ್ ಬೇರೆ ಬೆನ್ನಿಗೆ ಗುದ್ದುತ್ತಾ ಇದೆ!"

ಓಡಿಹೋಗಿ ಗೋಡೆಗೆ ಬೆನ್ನು ಹಚ್ಚಿದೆ. ಧಡ್! ಧಡ್! ಬೇಸ್ ಪೂರಾ ಇಲ್ಲೇ ಇತ್ತು.

"ಧಣಿ, ಸೋಫಾ ಅಲ್ಲಿ ಇಟ್ಟಿದ್ಯಾರು?"

"ನಾನೇ! ಟೇಪ್ ಹಿಡಿದು ಅಳೆದು, ರೂಮಿನ ನಟ್ಟನಡುವೆ ಹಾಕಿಸಿದ್ದೀನಿ. ಯಾಕೆ?"

ಗೋಡೆಗೆ ಬಡಿದು ವಾಪಸ್ ಬರುವ ಬೇಸ್, ಎದುರಿನಿಂದ ಬರುವ ಬೇಸ್‌ಗೆ ಡಿಕ್ಕಿ ಹೊಡೆದು ನಟ್ಟನಡುವೆಯೇ ಸಾಯುತ್ತದೆ. ನನ್ನ ಕಸುಬಿನ ಅಆಇಈ ಅದು. ಈ ಪಂಡಿತನಿಗೆ ಹೊಳೆದದ್ದು ಮಾತ್ರ ಪ್ರಾಣ ಹೋಗುವ ಹೊತ್ತಿಗೆ! ಹಾಗಂತ 'ತಪ್ಪು ನಿಮ್ಮದೇ' ಎಂದು ಪಿಸ್ತೂಲಿನ ಎದುರು ಹೇಳುವ ಗಂಡೆದೆ ನನಗಿಲ್ಲ.

ಸುಮ್ಮನೆ ಬಾಮೈದನ ಹಗ್ಗ ಬಿಚ್ಚಿದೆ.

"ಸ್ಪೀಕರ್ ಒರಿಜಿನಲ್ಲೇ, ಧಣಿ. ಈ ಕುರ್ಚೀಲಿ ಒಂದ್ಸಲ ಕೂತು ನೋಡಿ."

ಕೂತ. ಹುಬ್ಬಿನ ಗಂಟು ಸಡಿಲವಾಯಿತು. ಪಿಸ್ತೂಲು ಮಡಿಲಿಗಿಳಿಯಿತು. ಕಣ್ಣು ಒದ್ದೆಯಾಯಿತು!

"ಆಹಾ... ಎದೆಗೇ ಬಡೀತು ಕಣಯ್ಯಾ! ಅದೇನು ಟ್ಯೂನ್ ಮಾಡಿದ್ಯೋ!"

"ಸ್ವಲ್ಪ ಕಷ್ಟ ಆಯ್ತು" ಎಂದೆ, ಮುಖ ಗಂಭೀರ ಮಾಡಿಕೊಂಡು.

ಬಾಮೈದ ಆಗಲೇ ಕಾಂಪೌಂಡ್ ಹಾರಿದ್ದ. ನಾನೂ ಹಿಂದೆಯೇ ಹಾರಿದೆ, ಪ್ಯಾಂಟ್ ಹರಿದುಕೊಂಡು.

ಅಂದಿನಿಂದ ಧಣಿ ಆ ಕುರ್ಚಿ ಬಿಟ್ಟು ಏಳುವುದಿಲ್ಲವಂತೆ. ಪೊಲೀಸರು ಬಂದರೆ ಹೆಚ್ಚು ಕೆಲಸವಿಲ್ಲ... ಹಗ್ಗ ಅಲ್ಲೇ ಬಿದ್ದಿದೆ!