ಕೋರದ ಬಂಡೆಯಲ್ಲಿ ಬಿಚ್ಚಿದ ಬೋಲ್ಟುಗಳು

2004ರ ಜನವರಿ 18, ಭಾನುವಾರ. ಮಧ್ಯಾಹ್ನ ಕೋರ ಠಾಣೆಗೆ ಬಂದ ಮಾಲಿನಿಯ ಅಂಗೈ ಹಗ್ಗ ಉಜ್ಜಿ ಸುಲಿದಿತ್ತು. ಆಕೆ ತುಮಕೂರಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. ಊರಾಚೆಯ ಬಂಡೆ ಹತ್ತುವಾಗ ಗೆಳೆಯ ಕಿರಣ್‌ಕುಮಾರ್ ಬಿದ್ದು ಸೊಂಟದ ಮೂಳೆ ಮುರಿದಿದೆ, ಹತ್ತುವವರಿಗಾಗಿ ಬಂಡೆಗೆ ಕೂರಿಸಿದ್ದ ಬೋಲ್ಟುಗಳನ್ನು ಯಾರೋ ಬೇಕೆಂದೇ ಬಿಚ್ಚಿದ್ದಾರೆ ಎಂಬುದು ದೂರು.

"ಆಕ್ಸಿಡೆಂಟ್ ಅಲ್ವೇನಮ್ಮ?" ಸಬ್ ಇನ್‌ಸ್ಪೆಕ್ಟರ್ ರಂಗನಾಥ್ ಕೇಳಿದರು.

"ಅಲ್ಲ ಸರ್. ಒಂದೊಂದು ಬೋಲ್ಟ್‌ಗೂ ನಟ್ ಹಾಕಿ ಬಿಗಿದ ಸ್ಟೀಲ್ ಪ್ಲೇಟ್ ಇರತ್ತೆ. ಅದಕ್ಕೆ ಕೊಕ್ಕೆ ಹಾಕಿ, ಹಗ್ಗ ಸಿಕ್ಕಿಸ್ಕೊಂಡು ಮೇಲೆ ಹೋಗ್ತೀವಿ. ಕೆಳಗೆ ನಾನು ಹಗ್ಗ ಹಿಡಿದಿದ್ದೆ. ಮೂರನೇದು ದಾಟಿದ ಮೇಲೆ ಮುಂದಿಂದು ಕಾಣ್ತಿಲ್ಲ ಅಂದ. ಇಳಿಯೋಕೆ ಹಗ್ಗಕ್ಕೆ ಭಾರ ಬಿಟ್ಟ. ಆ ಮೂರನೇ ಪ್ಲೇಟೇ ಕಳಚ್ಕೊಂಡು ಬಂತು. ಎರಡನೇದು ತಡೆಯೋ ಹೊತ್ತಿಗೆ ನೆಲಕ್ಕೆ ಬಡಿದಿದ್ದ."

ಜೀವಕ್ಕೆ ಅಪಾಯ ತರುವ ಕೃತ್ಯದಿಂದ ತೀವ್ರ ಗಾಯವೆಂದು ಐಪಿಸಿ 338ರಡಿ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಪಂಚನಾಮೆ. ಬಂಡೆ ತೀರಾ ಕಡಿದಾಗಿರಲಿಲ್ಲ. ಅಂಗಾಲು ಒತ್ತಿ, ಅದನ್ನೇ ನಂಬಿ ಹತ್ತಬಹುದಿತ್ತು. ಕೈಗೆ ಹಿಡಿಯಲು ಮಾತ್ರ ಏನೂ ಇರಲಿಲ್ಲ. ಮಾಲಿನಿ ಹಿಂಬದಿಯಿಂದ ನೆತ್ತಿಗೆ ಹೋಗಿ ಹಗ್ಗದಲ್ಲಿ ಇಳಿಯುತ್ತ ಒಂದೊಂದೇ ಬೋಲ್ಟಿನ ಸ್ಥಿತಿ ಕೂಗಿ ಹೇಳಿದಳು. ಕಾನ್‌ಸ್ಟೆಬಲ್ ಓಬಳಯ್ಯ ಬರೆದುಕೊಂಡ. ಮೇಲಿನ ಬೋಲ್ಟುಗಳಲ್ಲಿ ಪ್ಲೇಟುಗಳಿರಲಿಲ್ಲ. ಮೂರನೆಯದರ ನಟ್ ಇರಲಿಲ್ಲ. ಬೋಲ್ಟುಗಳ ಥ್ರೆಡ್, ಅಂದರೆ ತಿರುಪಿನ ಗೆರೆ, ಎಲ್ಲೂ ಹಾಳಾಗಿರಲಿಲ್ಲ. ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿದ್ದರು.

ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಬಸವಲಿಂಗಮ್ಮನನ್ನು ಓಬಳಯ್ಯ ಕರೆತಂದ.

"ಹೋದ್ವಾರ ಒಬ್ನೇ ಬಂದಿದ್ದ ಸಾಮಿ. ಮ್ಯಾಲಿಂದ ಹಗ್ಗ ಇಳಿಬಿಟ್ಕಂಡು ಏನೋ ತಿರುವ್ತಿದ್ದ."

"ಯಾರು?"

"ಹೆಸ್ರು ತಿಳೀದು. ಮೊದ್ಲು ಗಂಡ ಎಂಡ್ತಿ ಇಬ್ರೂ ಬರೋರು. ಎಲ್ಲವ್ಳಪ್ಪ ಅವ್ಳು ಅಂದೆ. ತೀರ್ಕಂಡ್ಲು ಅಂದ."

ಮಾಲಿನಿಯ ಮುಖ ಬಾಡಿತು. "ಹನುಮಂತರಾಜು ಅವ್ರು ಸರ್. ಈ ಬೋಲ್ಟುಗಳನ್ನ ಬಂಡೆಗೆ ಹೊಡೆದು ಕೂರಿಸಿದವ್ರೇ ಅವ್ರು. ಶಿರಾ ಗೇಟ್ ಹತ್ರ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ."

ಅಂಗಡಿಯಲ್ಲಿ ಐವತ್ತರ ಆಸುಪಾಸಿನ ಹನುಮಂತರಾಜು ಮೋಟಾರಿನ ಮುಂದೆ ಕೂತಿದ್ದ. ಸೀಮೆಎಣ್ಣೆಯಲ್ಲಿ ತೊಳೆದ ಪ್ಲೇಟುಗಳು ಬೆಂಚಿನ ಮೇಲೇ ಇದ್ದವು. ಪೊಲೀಸರನ್ನು ಕಂಡು ಅವನೇ ಮೊದಲು ಕೇಳಿದ: "ಯಾರಾದ್ರೂ ಬಿದ್ರಾ ಸಾರ್?"

"ಕಿರಣ್‌ಕುಮಾರ್," ಎಂದರು ರಂಗನಾಥ್. "ಸೊಂಟ ಮುರಿದಿದೆ. ಮೂರನೇ ಪ್ಲೇಟ್ ಯಾಕೆ ಬಿಟ್ಟಿದ್ದೆ?"

ಅವನ ಕೈಯಲ್ಲಿದ್ದ ಬಟ್ಟೆ ಜಾರಿತು. "ನಟ್ ತೆಗ್ದೆ. ಪ್ಲೇಟ್ ಬಂಡೆಗೆ ಕಚ್ಕೊಂಡಿತ್ತು, ಬರ್ಲಿಲ್ಲ. ಕೈ ಸೋತಿತ್ತು. ಮುಂದಿನ ವಾರ ನೋಡೋಣ ಅಂತ ಬಂದ್ಬುಟ್ಟೆ."

"ಬಿಚ್ಚಿದ್ದು ಯಾಕೆ?"

ಅವನು ಬೆಂಚಿನ ಮೇಲಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದ. "ನನ್ ಹೆಂಡ್ತಿ ಮಂಗಳಗೌರಿ ಹೋದ್ಮೇಲೆ ನಂಗೆ ಹಗ್ಗ ಹಿಡಿಯೋರು ಇರ್ಲಿಲ್ಲ. ಹೋದ ತಿಂಗ್ಳು ಕಿರಣನ್ನ ಕೇಳ್ದೆ. ಪಾಪ, ಹಿಡ್ಕೊಂಡ. ಅರ್ಧಕ್ಕೋಗಿ ಕೆಳಗೆ ನೋಡಿದ್ರೆ ಮೊಬೈಲಲ್ಲಿ ಮಾತಾಡ್ತಾ ನಗ್ತಿದ್ದ. ಅವ್ಳು ನನ್ ಮೇಲಿಂದ ಕಣ್ಣೇ ತೆಗೀತಿರ್ಲಿಲ್ಲ ಸಾರ್. ನಾನು ಕಾಲಿಡೋ ಮೊದ್ಲೇ ಅವ್ಳಿಗೆ ಗೊತ್ತಾಗ್ತಿತ್ತು. ಪ್ಲೇಟ್ ಇಲ್ದಿದ್ರೆ ಯಾರೂ ಬರಲ್ಲ, ಆ ಜಾಗ ನಮ್ಮಿಬ್ರದ್ದೇ ಆಗಿರತ್ತೆ ಅನ್ಕೊಂಡೆ. ಬೀಳಿಸ್ಬೇಕು ಅಂತ ಇರ್ಲಿಲ್ಲ."

ಪ್ಲೇಟುಗಳನ್ನೂ ಸ್ಪ್ಯಾನರನ್ನೂ ಜಪ್ತಿ ಮಾಡಿ, ಅವನನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು. ಕಾಗದಪತ್ರ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು.

"ಅರೆಸ್ಟ್ ಆಗಿದ್ದನ್ನ ನಿಮ್ಮ ಕಡೆಯವ್ರಿಗೆ ತಿಳಿಸ್ಬೇಕು," ಎಂದ ಓಬಳಯ್ಯ. "ಯಾರಿಗೆ ಹೇಳ್ಬೇಕು?"

ಹನುಮಂತರಾಜು ಕಿಟಕಿಯಾಚೆ ಹೆದ್ದಾರಿ ನೋಡುತ್ತ ಕೂತ. ಲಾರಿಗಳು ಹೋಗುತ್ತಲೇ ಇದ್ದವು.

"ಕಿರಣಂಗೇ ಹೇಳ್ಬುಡಿ," ಎಂದ. "ನಂಗೆ ಬೇರೆ ಯಾರೂ ಇಲ್ಲ."

ಓಬಳಯ್ಯ ತಲೆಯೆತ್ತಿ ರಂಗನಾಥರ ಮುಖ ನೋಡಿದ.

"ಬರ್ಕೋ," ಎಂದರು ಅವರು.