ಗಾಜಿನಾಚೆಯ ಸ್ವರ

ನಾನು ದೆವ್ವ ಭೂತ ನಂಬುವವನಲ್ಲ; ನಡೆದದ್ದನ್ನಷ್ಟೇ ಹೇಳುತ್ತೇನೆ. ಕಳೆದ ಮಾರ್ಚಿನ ಒಂದು ಮಧ್ಯಾಹ್ನ, ನಮ್ಮ ಶಾಲೆಯ ಶ್ರೀರಂಜಿನಿ ಟೀಚರನ್ನು ಕಾರಿನಲ್ಲಿ ಕೂರಿಸಿಕೊಂಡು ಉಪ್ಪಳಕ್ಕೆ ಹೊರಟಿದ್ದೆ. ಸರ್ವಿಸ್ ರಸ್ತೆಯಲ್ಲಿ ಹಳೇ ಜೀಪೊಂದು ಅಡ್ಡ ನುಗ್ಗಿತು. ಸಿಟ್ಟು ಬಂದು ಉದ್ದಕ್ಕೆ ಹಾರ್ನ್ ಒತ್ತಿದೆ. ಜೀಪು ನಮ್ಮೆದುರೇ ನಿಂತಿತು. ಒಬ್ಬ ಇಳಿದು ಬಂದ.

ನನ್ನ ಕೈ ಬಾಗಿಲಿಗೆ ಹೋಗಿತ್ತು.

"ಇಳೀಬೇಡಿ ಎಲ್ರೊಯ್ ಸರ್," ಎಂದರು ಟೀಚರ್. "ಲಾಕ್ ಹಾಕಿ. ಅವನ ಮುಖ ನೋಡ್ಬೇಡಿ. ಹಿಂದೆ ಜಾಗ ಉಂಟಲ್ಲ, ರಿವರ್ಸ್ ತೆಗೀರಿ. ಜನ ಇದ್ದಲ್ಲಿಗೆ ಹೋಗುವ."

ಅವನು ಉಗುರಿನಿಂದ ಗಾಜನ್ನು ಮೆಲ್ಲಗೆ ತಟ್ಟಿದ. ಬೈಗುಳವಿಲ್ಲ. ಬಾಗಿಲು ತೆಗಿ ಎಂದು ಮೊದಲು ತುಳುವಿನಲ್ಲಿ ಕೇಳಿದ. ನಾನು ತಿರುಗಲಿಲ್ಲ. ಮತ್ತೆ ನನ್ನ ಮನೆಮಾತಾದ ಕೊಂಕಣಿಯಲ್ಲಿ ಕೇಳಿದ. ಕೊನೆಗೆ, ನೀರು ಹರಿದ ಹಾಗೆ, ಮಲಯಾಳದಲ್ಲಿ. ಹೊರಗೆ ಸುಡುಬಿಸಿಲು, ಗಾಜಿಗೆ ತಾಗಿದ್ದ ನನ್ನ ಮೊಣಕೈ ಮಾತ್ರ ಐಸ್ ಮುಟ್ಟಿದಂತೆ ಮರಗಟ್ಟಿತು. ಹೇಗೋ ರಿವರ್ಸ್ ತೆಗೆದು ಹತ್ತಿರದ ಪೆಟ್ರೋಲ್ ಪಂಪಿಗೆ ನುಗ್ಗಿದೆ. ಜೀಪು ಬರಲಿಲ್ಲ.

ಪೊಲೀಸರಿಗೆ ಕೊಡೋಣವೆಂದು ಕಾರಿನ ಕ್ಯಾಮೆರಾದ ವೀಡಿಯೊವನ್ನು ಅಲ್ಲೇ ಹಾಕಿ ನೋಡಿದೆವು. ಜೀಪು ಇದೆ, ಹಾರ್ನ್ ಇದೆ, ಉಗುರಿನ ಸದ್ದೂ ಇದೆ. ಬಾಗಿಲು ತೆಗಿ ಎನ್ನುವ ಸ್ವರ ಮಾತ್ರ ನನ್ನದು.

"ನೀವು ಬಾಯೇ ತೆರೆದಿಲ್ಲ ಸರ್," ಎಂದರು ಟೀಚರ್. "ನಾನು ನಿಮ್ಮನ್ನೇ ನೋಡ್ತಾ ಇದ್ದೆ."

ತುಳು, ಕೊಂಕಣಿ ನನಗೆ ಬರುತ್ತವೆ. ಮಲಯಾಳ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ. ನೆಟ್ಟಗೆ ಒಂದು ವಾಕ್ಯ ಆಡಲು ಇವತ್ತಿಗೂ ಬಾರದು. ವೀಡಿಯೊದಲ್ಲಿ ನನ್ನ ಸ್ವರ ಎಲ್ಲಿಯೂ ತಡವರಿಸುವುದಿಲ್ಲ.